ಕೈಗೆ ಹಾಕಿದ ಚಪ್ಪಲಿ

ಚಟ್, ಆಮೇಲೆ ಮೈ ಎಳೆದ ಸದ್ದು, ಮತ್ತೆ ಚಟ್ — ಸಾಲಿನಲ್ಲಿ ಯಾರೋ, ತಿರುಗಿ ನೋಡಬೇಕಿಲ್ಲ, ಕಾಲಿಗೆ ಹಾಕಿದ ಚಪ್ಪಲಿ ಹಾಗೆ ಬಡಿಯುವುದಿಲ್ಲ, ಕೈಗೆ ಹಾಕಿದ್ದು ಅದು, ಮಂದಿ ಮುಂದ ಇನ್ನ ನಿನ್ನ ತೆವಳಾಕ ಬಿಡಂಗಿಲ್ಲವ್ವ ಎಂದು ಮಾತು ಕೊಟ್ಟಿದ್ದೆನಲ್ಲ, ಹನ್ನೊಂದು ವರ್ಷದ ಹಿಂದೆ, ಮಗಳು ಉಚ್ಚಂಗೆಮ್ಮನಿಗೆ ಆಗ ಆರು ವರ್ಷ, ಪೋಲಿಯೋ ಬಂದು ನಾಲ್ಕು ವರ್ಷವಾಗಿತ್ತು, ನಾನು ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾ ಚೀಲ ಇಳಿಸುತ್ತಿದ್ದೆ, ಕೂಸು ರೊಟ್ಟಿಯ ಗಂಟನ್ನು ಕೊರಳಿಗೆ ಕಟ್ಟಿಕೊಂಡು, ಎರಡೂ ಅಂಗೈಗೆ ನೀಲಿ ಪಟ್ಟಿಯ ಹವಾಯಿ ಚಪ್ಪಲಿ ಹಾಕಿಕೊಂಡು ಬಸ್ಸುಗಳ ನಡುವೆ ತೆವಳುತ್ತ ಬಂದಳು, ಅಪ್ಪನಿಗೆ ಬುತ್ತಿ ತಂದೆ ಎಂಬ ಖುಷಿಯಲ್ಲಿ, ಕಂಡಕ್ಟರನೊಬ್ಬ, ಏ ಸರಿಯೇ ಆಕಡಿಗೆ, ಇಲ್ಲಿ ಬೇಡಬ್ಯಾಡ, ಎಂದ. ಬೇಡಬ್ಯಾಡ ಎಂದ. ಬೆನ್ನ ಮೇಲೆ ಚೀಲವಿತ್ತು, ಇಳಿಸುವುದರೊಳಗೆ ಬಸ್ಸು ಹೋಗಿತ್ತು. ಆ ಸಂಜೆ ಚಪ್ಪಲಿ ಎರಡನ್ನೂ ಬಚ್ಚಲ ಒಲೆಗೆ ಹಾಕಿದೆ, ರಬ್ಬರಿನ ಕಮಟು ಎರಡು ದಿನ ಮನೆ ಬಿಡಲಿಲ್ಲ, ಹೆಂಡತಿ ಗಾದೆಮ್ಮ ಸೆರಗನ್ನು ಮೂಗಿಗೆ ಹಿಡಿದು ಬೈದಳು, ಇದ್ದದ್ದೊಂದ್ ಜೋಡು ಸುಟ್ಟಿ, ನಾಳಿಗೆ ಕೂಸಿನ ಅಂಗೈ ತರಚಿದ್ರ ನಿನ್ ತಲಿ ಕೊಡ್ತೀಯೇನು — ನಾನು ಕೋಲಿಗೆಂದು ಬಿದಿರು ಕೆತ್ತುತ್ತ ಕೂತೆ.

ಬಿದಿರಿನ ಕೋಲು ಈಗಲೂ ಇಲ್ಲೇ ಗೋಡೆಗೆ ಒರಗಿದೆ, ಇದು ಎಷ್ಟನೆಯದೋ, ಅವಳು ಬೆಳೆದಂತೆ ಕೋಲೂ ಉದ್ದವಾಯಿತು, ಪಕ್ಕದಲ್ಲಿ ಅವಳು, ಅವಳ ಪಕ್ಕ ನಾನು, ಶಾಲೆಯ ಪಡಸಾಲೆಯ ತುಂಬ ಬೆಳಗಿನಿಂದ ಸಾಲು, ಒಳಗೆ ಜಿಲ್ಲೆಯಿಂದ ಬಂದ ಡಾಕ್ಟರು, ಹೋದ ವರ್ಷವೂ ಇದೇ ಪಡಸಾಲೆ, ಇದೇ ಕ್ಯಾಂಪು. ಅಂಗವಿಕಲರಿಗೆ ಸರ್ಕಾರ ತಿಂಗಳಾ ತಿಂಗಳಾ ಮಾಸಾಶನ ಕೊಡುತ್ತದಂತೆ, ಡಾಕ್ಟರು ನೋಡಿ ಬರೆದುಕೊಡಬೇಕಂತೆ ಎಂದು ಓಣಿಯವರು ಹೇಳಿದಾಗ ನನ್ನ ತಲೆಗೆ ಹೊಳೆದದ್ದು ಒಂದೇ, ಇದು ಪರೀಕ್ಷೆ, ಪಾಸಾಗಬೇಕು. ಒಂದು ತಿಂಗಳು ಅಭ್ಯಾಸ ಮಾಡಿಸಿದೆನಲ್ಲ, ಮೂಟೆ ಇಳಿಸಿದ ಮೇಲೆ, ಖಾಲಿ ಮಂಡಿಯ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು, ಎಡಗಾಲು ಎಳೀಬ್ಯಾಡ ಎತ್ತು, ತಲಿ ಮ್ಯಾಲೆ ಮಾಡು, ಇನ್ನೊಂದ್ ಹೆಜ್ಜಿ, ಅವಳು ತುಟಿ ಕಚ್ಚಿಕೊಂಡು ನಡೆದಳು, ರಾತ್ರಿ ತೊಡೆ ಹಿಡಿದುಕೊಂಡರೆ ಗಾದೆಮ್ಮ ಬಿಸಿ ಉಪ್ಪಿನ ಗಂಟು ಕೊಡುತ್ತಿದ್ದಳು. ಕ್ಯಾಂಪಿನ ದಿನ ತಲೆಗೆ ಎಣ್ಣೆ, ಜಡೆಗೆ ಕನಕಾಂಬರ, ಕೋಲಿಗೂ ಎಣ್ಣೆ ಉಜ್ಜಿದ್ದೆ, ಡಾಕ್ಟರ ಮೇಜಿನ ತನಕ ಹನ್ನೆರಡು ಹೆಜ್ಜೆ ತಡವರಿಸದೆ ಹೋದಳು, ಭೇಷ್, ಚೆನ್ನಾಗಿ ನಡೀತೀಯಲ್ಲಮ್ಮ ಎಂದರು ಅವರು, ಮನೆಗೆ ಬಂದು ಓಣಿಗೆಲ್ಲ ಮಂಡಕ್ಕಿ ಹಂಚಿದೆ, ನನ್ನಂಥ ಎಬಡ ಯಾವೂರಲ್ಲಿದ್ದಾನು.

ಮೂರು ತಿಂಗಳು ಕಚೇರಿಗೆ ಅಲೆದೆ, ನಾಳೆ ಬಾ, ಸಾಹೇಬ್ರಿಲ್ಲ, ಫೈಲು ಮ್ಯಾಲೆ ಹೋಗೇತಿ, ಕೊನೆಗೆ ಗುಮಾಸ್ತ ಏಕಾಂತಪ್ಪ ಕನ್ನಡಕ ಏರಿಸಿ ಕಾಗದ ಓದಿದ, ಊನ ನೂರಕ್ಕ ಮೂವತ್ತೈದು ಬರದಾರ ಬೊಮ್ಮಪ್ಪ, ನಲವತ್ತು ಬೇಕು. ಮೂವತ್ತೈದು ಪಾಸಲ್ಲೇನ್ರಿ ಎಂದೆ, ಮಗಳು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಅಷ್ಟಕ್ಕೇ ಪಾಸಾಗಿದ್ದಳು. ಏಕಾಂತಪ್ಪ ಕೆಮ್ಮು ಬರುವಷ್ಟು ನಕ್ಕ, ಇದ್ರಾಗ ಫೇಲಾದೋರೇ ಪಾಸಪ್ಪ, ನೀನು ಹೆಣ್ಣು ನೋಡಾಕ ಬಂದೋರ ಮುಂದ ನಡಸಿದಂಗ ನಡಸಿ ತೋರ್ಸೀಯಲ್ಲ, ಈ ಸಲ ಕೋಲು ಮನಿಯಾಗ ಬಿಟ್ಟು ಬಾ, ತೆವಳ್ಕಂತ ಒಳಗ ಹೋಗ್ಲಿ, ಸುಳ್ಳೇನಲ್ಲಲ್ಲ. ಸುಳ್ಳಲ್ಲ, ಕೋಲಿಲ್ಲದಿದ್ದರೆ ತೆವಳುತ್ತಾಳೆ, ನಿಜವೇ, ಆದರೆ ಕೋಲು ಹಿಡಿದು ನಡೆದದ್ದೂ ನಿಜ, ರಾತ್ರಿಯ ಉಪ್ಪಿನ ಗಂಟೂ ನಿಜ, ಅದಕ್ಕೆ ಆ ಕಾಗದದಲ್ಲಿ ಜಾಗವೇ ಇಲ್ಲ, ನೂರಕ್ಕೆ ಮೂವತ್ತೈದು ಅಂತೆ, ಎಲ್ಲಿಂದ ಎಲ್ಲಿಗೆ ಅಳೆದರೋ.

ಕೋಲನ್ನು ಮನೆಯಲ್ಲಿ ಬಿಟ್ಟು ಬರಲಾಗಲಿಲ್ಲ. ಕೊಟ್ಟೂರಿನಲ್ಲಿ ಟೈಪಿಂಗ್ ಕ್ಲಾಸಿದೆ, ಮಾಸಾಶನ ಬಂದರೆ ಅದರ ಫೀ ನಡೆಯುತ್ತದೆ, ಬೆರಳು ಗಟ್ಟಿ ಅದಾವಲ್ಲಪ್ಪ, ಟೈಪಿಂಗಿಗೆ ಕಾಲ್ಯಾಕ ಬೇಕು ಎನ್ನುತ್ತಾಳೆ ಮಗಳು, ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರದ ಮನೆ ಬರೆದು ಬಡಿಯುತ್ತ ಕೂರುತ್ತಾಳೆ, ಇಲ್ಲದಿದ್ದರೆ ಶೇಂಗಾ ಮಿಲ್ಲಿನ ಧೂಳಿನಲ್ಲಿ ದಿನವಿಡೀ ಕೂತು ಬೀಜ ಆರಿಸುವುದು, ಅವಳ ಅವ್ವ ಆರಿಸುವಂತೆ, ಈಗಲೇ ಗಾದೆಮ್ಮನಿಗೆ ಕೆಮ್ಮು, ನನ್ನ ಸೊಂಟವೂ ಇನ್ನೆಷ್ಟು ದಿನ — ಚಟ್, ಚಟ್, ನಮಗಿಂತ ಮುಂದಿದ್ದ ಓಬಳೇಶ ಒಳಗಿನಿಂದ ಬಂದ, ಕೊಡೆ ರಿಪೇರಿಯವನು, ಹುಟ್ಟಾ ಎರಡೂ ಕಾಲಿಲ್ಲ, ಎಂಬತ್ತು ಬರದಾರಣ್ಣ, ಫಸ್ಟ್ ಕ್ಲಾಸು, ಸಾಲ್ಯಾಗ ಒಂದ್ ದಿನ ಇಷ್ಟು ಬಂದಿದ್ದಿಲ್ಲ ನೋಡು, ಎಂದು ತಾನೇ ನಕ್ಕ, ಸಾಲೆಲ್ಲ ನಕ್ಕಿತು, ನನ್ನ ಮಗಳೂ. ಕೋಲನ್ನು ನೋಡಿ ಅವನ ನಗು ನಿಂತಿತು. ಬೊಮ್ಮಣ್ಣ, ಇದನ್ ಹಿಡಿಸಿ ಕಳಿಸ್ತೀಯೇನು ಮತ್ತ? ಹೋದ ವರ್ಷದ್ದು ಸಾಲಲಿಲ್ಲೇನು? ಕೈಯಿಂದ ಚಪ್ಪಲಿ ಕಳಚಿ ಅವಳ ಮುಂದೆ ಸರಿಸಿದ, ತಗಳವ್ವ, ವಾಪಸ್ ಕೊಡು ಮತ್ತ, ನಾನು ಮನಿಗೆ ಹೋಗ್ಬೇಕು. ಹವಾಯಿ ಚಪ್ಪಲಿ. ನೀಲಿ ಪಟ್ಟಿ. ಎಲ್ಲ ಅಂಗಡಿಯಲ್ಲೂ ಅದೇ ನೀಲಿ ಸಿಗುತ್ತದೆ, ಅದರಲ್ಲೇನಿದೆ.

ಉಚ್ಚಂಗೆಮ್ಮ ಮುಟ್ಟಲಿಲ್ಲ, ನನ್ನನ್ನೇ ನೋಡಿದಳು, ನೀನು ಹೇಳಪ್ಪ, ನೀನು ಹೇಳಿದಂಗ. ಮರೆತಿಲ್ಲ ಇವಳು, ಆರು ವರ್ಷದ ಕೂಸಿಗೆ ಹೇಳಿದ್ದನ್ನು ಮರೆತಿರುತ್ತಾಳೆ ಅಂದುಕೊಂಡಿದ್ದೆ, ಒಳಗಿನಿಂದ ಜವಾನ ಕೂಗಿದ, ಉಚ್ಚಂಗೆಮ್ಮ ತಂದೆ ಬೊಮ್ಮಪ್ಪ, ಇನ್ನೊಮ್ಮೆ ಕೂಗಿದ, ಬರ್ರಿ ಲಗೂನ — ಕೋಲು ಕೊಡವ್ವ, ಎಂದೆ. ಕೊಟ್ಟಳು. ಗೋಡೆ ಹಿಡಿದು ನೆಲಕ್ಕೆ ಇಳಿದಳು, ಲಂಗ ಸರಿಮಾಡಿಕೊಂಡಳು, ಬಲಗೈ, ಆಮೇಲೆ ಎಡಗೈ, ನೀಲಿ ಪಟ್ಟಿ ಹೆಬ್ಬೆರಳಿನ ಸಂದಿಯಲ್ಲಿ ಕೂತಿತು, ಆಗ ಚಪ್ಪಲಿ ದೊಡ್ಡದಿತ್ತು, ಅಂಗೈ ಚಿಕ್ಕದಿತ್ತು, ಈಗ ಸರಿಯಾಗಿದೆ, ನೀಲಿ ಪಟ್ಟಿ, ಚಟ್, ಹೊಸ್ತಿಲು, ಚಟ್, ಹನ್ನೆರಡು ಹೆಜ್ಜೆಯ ಜಾಗ, ನೀಲಿ ಪಟ್ಟಿ, ಸಾಲಿನವರೆಲ್ಲ ನೋಡುತ್ತಿದ್ದಾರೆ, ನೀಲಿ ಪಟ್ಟಿ.

ಮಂದಿಯ ಮುಂದೆ ತೆವಳಲು ಬಿಡುವುದಿಲ್ಲ ಎಂದಿದ್ದೆ. ಬಿಟ್ಟೆ.