ಬುರುಜಿನ ಎಡಕ್ಕೆ ಎಳೆದ ಗೆರೆ

ಕೆರ್ಕೆನ್ನಾ ದ್ವೀಪದಲ್ಲಿ ಕಡಲಿಗೂ ಹೊಲದಂತೆ ಒಡೆಯರುಂಟು. ಬೇಸಗೆಯಲ್ಲಿ ಕಿತ್ತ ಬೇಲಿಯನ್ನು ಶರತ್ಕಾಲದಲ್ಲಿ ಪ್ರತಿಯೊಂದು ಮನೆತನವೂ ತನ್ನ ಪಾಲಿನ ನೀರಿನಲ್ಲಿ ಖರ್ಜೂರದ ಗರಿಗಳಿಂದ ಮತ್ತೆ ಕಟ್ಟುತ್ತದೆ. ಇಳಿತದೊಡನೆ ಸಾಗುವ ಮೀನು ಆ ಬೇಲಿಗುಂಟ ಬಂದು ಬುಟ್ಟಿಗೆ ಬೀಳುತ್ತದೆ. ದಡದಿಂದ ನೋಡಿದರೆ ಮಬ್ರೂಕಾಳ ಬೇಲಿ ಹಳೆಯ ಬುರುಜಿನ ಬಲಕ್ಕೆ, ಮೀನೋಡುವ ಕಾಲುವೆಯ ಬಾಯಲ್ಲಿತ್ತು. ಗಂಡ ತೀರಿಹೋದ ಮೇಲೆ ಎರಡು ವರ್ಷ ಅವಳು ನೆಡಲಿಲ್ಲ. ಮೂರನೆಯ ವರ್ಷ ಹೋದಾಗ ಅಲ್ಲಿ ನೆರೆಯ ಬೂರಾವಿಯ ಗರಿಗಳು ನಿಂತಿದ್ದವು.

ಪತ್ರವಿಲ್ಲದ ಕಡೆ ನಮ್ಮಲ್ಲಿ ಮೂವರು ಹಿರಿಯರ ಪ್ರಮಾಣವೇ ಪತ್ರ. ಅದನ್ನು ಮಾಡಿಸುವ ಹೊಣೆ ಮಸೀದಿಯ ಇಮಾಮನಾದ ನನ್ನದು. ಮಬ್ರೂಕಾಳ ಬೇಲಿ ಎಲ್ಲಿತ್ತೆಂದು ಅಲ್ಲಾಹನ ಹೆಸರಿನಲ್ಲಿ ಕೇಳಿದೆ. ಮೂವರೂ "ಬುರುಜಿನ ಎಡಕ್ಕೆ" ಎಂದರು.

ಅವರು ಸುಳ್ಳಾಡುವವರಲ್ಲ. ಕಾಲು ಸೋತು ಅವರು ಕಡಲಿಗಿಳಿಯುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಅವರ ಹಗಲುಗಳೆಲ್ಲ ಕಾಫಿ ಅಂಗಡಿಯಲ್ಲಿ, ಒಂದು ದೊಡ್ಡ ಚಿತ್ರದ ಕೆಳಗೆ ಕಳೆಯುತ್ತಿದ್ದವು. ಮಬ್ರೂಕಾಳ ತಮ್ಮ, ರಾಜಧಾನಿಯಲ್ಲಿ ಹೆಸರಾದ ಚಿತ್ರಕಾರ ಲಮೀನ್, ಇಪ್ಪತ್ತೆಂಟು ವರ್ಷಗಳ ಹಿಂದೆ ಊರಿಗಿತ್ತ ಕಾಣಿಕೆ ಅದು. ಅದರಲ್ಲಿ ಕಡಲೆಂದರೆ ಮೂರು ನೀಲಿ ಪಟ್ಟೆ, ಬುರುಜು ಬಿಳಿಯ ಚೌಕ, ದೋಣಿಗಳು ತ್ರಿಕೋನ, ಅಕ್ಕನ ಬೇಲಿ ಚೌಕದ ಎಡಕ್ಕೊಂದು ಕಪ್ಪು ಗೆರೆ.

ಅಕ್ಕ ಹೇಳಿಕಳುಹಿಸಿದ್ದೇ ತಡ, ಲಮೀನ್ ಮರುದಿನದ ಹಡಗಿಗೇ ಬಂದ.

"ಗೆರೆ ಸರಿಸಿದ್ದು ನಾನೇ," ಎಂದ ಹಿರಿಯರೆದುರು. "ಎಡಗಡೆ ಬರೀ ಖಾಲಿ ನೀಲಿ ಕಾಣ್ತಿತ್ತು, ತೂಕಕ್ಕಿರಲಿ ಅಂತ ಅಲ್ಲಿ ಎಳೆದೆ. ಬೇಲಿ ಇದ್ದದ್ದು ಬಲಕ್ಕೇ, ಖಲೀಫಾಜ್ಜ."

ಆ ಮೂವರಲ್ಲಿ ಒಬ್ಬರಾದ ಹಾಜಿ ಖಲೀಫಾ ನಕ್ಕರು. "ಹದಿನೇಳಕ್ಕೇ ಹಡಗು ಹತ್ತಿದೋನು ನೀನು. ಒಂದಿನ ಕೆಸರಲ್ಲಿ ನಿಂತಿದ್ದೀಯಾ? ಅಕ್ಕನ ಸಲುವಾಗಿ ನಿನ್ನ ಚಿತ್ರಾನೇ ಸುಳ್ಳು ಅಂತೀಯಲ್ಲೋ!"

"ಅದರಲ್ಲಿ ದೋಣಿಗಳು ತ್ರಿಕೋನ ಇವೆ ಅಜ್ಜ. ನಿಮ್ಮ ದೋಣಿ ಹಾಗಿದೆಯಾ?"

"ದೂರದಿಂದ ಹಾಗೇ ಕಾಣುತ್ತಪ್ಪ."

ಎಲ್ಲರೂ ನಕ್ಕರು. ಬೂರಾವಿ ಲಮೀನನ ಬೆನ್ನು ತಟ್ಟಿದ. "ಎಂಥಾ ಕೈ ಕಣೋ ನಿನ್ನದು! ನೀನೇ ಅದಕ್ಕೆ ಮಸಿ ಬಳೀಬೇಡ."

ಮಬ್ರೂಕಾ ನನ್ನ ಕಡೆ ತಿರುಗಿದಳು. "ನೀವಾದ್ರೂ ಹೇಳಿ ಇಮಾಮರೇ. ನನ್ನ ಮದುವೆಯಾದ ವರ್ಷ ನಮ್ಮ ಬೇಲಿ ಮೀನು ತಿಂದಿದ್ದೀರಿ."

ಮೀನಿನ ರುಚಿ ನೆನಪಿತ್ತು. ಕಣ್ಣು ಮುಚ್ಚಿ ಬೇಲಿಯನ್ನು ನೆನೆಯಲೆಳಸಿದೆ. ಕಂಡದ್ದು ಬಿಳಿಯ ಚೌಕ, ಎಡಕ್ಕೆ ಕಪ್ಪು ಗೆರೆ. ಅರಿಯದುದಕ್ಕೆ ಸಾಕ್ಷಿ ನುಡಿಯಬಾರದೆಂಬ ದೇವಾಜ್ಞೆಯನ್ನು ಜೀವಮಾನವೆಲ್ಲ ಬೋಧಿಸಿದವನು ನಾನು, ಸುಮ್ಮನಿದ್ದೆ. ಬಲಭಾಗ ಬೂರಾವಿಯದೆಂದೂ ಎಡಭಾಗ ಮಬ್ರೂಕಾಳದೆಂದೂ ತೀರ್ಮಾನವಾಯಿತು.

ಎಡಕ್ಕಿರುವುದು ಮರಳದಿಬ್ಬ, ಅಲ್ಲಿ ಮೀನು ಸುಳಿಯದು. ಆದರೂ ಮಾರನೆಯ ಬೆಳಿಗ್ಗೆ ಮಬ್ರೂಕಾ ದೋಣಿಗೆ ಗರಿ ತುಂಬಿದಳು.

"ಬೇಡ ಅಕ್ಕ, ಅಲ್ಲೇನು ಸಿಗುತ್ತೆ?" ಎಂದ ಲಮೀನ್.

"ನೆಡದೆ ಬಿಟ್ಟರೆ ಅದನ್ನೂ ಯಾರಾದ್ರೂ ತಗೋತಾರೆ. ಇಳಿ ನೀರಿಗೆ." ಗರಿಯೊಂದನ್ನು ಅವನ ಕೈಗೆ ತುರುಕಿದಳು. "ಎಲ್ಲಿಂದ ಶುರು ಮಾಡಲಿ, ಹೇಳು. ಎಳೆದೋನು ನೀನಲ್ವಾ?"

ಮೊಣಕಾಲುದ್ದದ ನೀರಿನಲ್ಲಿ ನಿಂತು ಅವನು ಜಾಗ ತೋರಿದ. ಆ ಚಳಿಗಾಲವೆಲ್ಲ ಅವಳ ಬುಟ್ಟಿಗೆ ಬಿದ್ದದ್ದು ಪಾಚಿ.