ಮೊದಲು ಮಾತು ಬಿಟ್ಟವಳು

ಊರಿನವರ ಬೀಗವನ್ನೆಲ್ಲ ಬಿಚ್ಚಿಕೊಡುವ ಬೀಗದಕ್ಕನಿಗೆ ತನ್ನ ಮನೆಯ ಬಚ್ಚಲಿನ ಬಾಗಿಲೇ ಬಗ್ಗುತ್ತಿರಲಿಲ್ಲ. ನಗುವವರು ನಗಲಿ. ಆ ಮಧ್ಯಾಹ್ನ ಅಲ್ಲಿ ನಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಒಳಗೆ ಚಿಲಕ ಹಾಕಿಕೊಂಡು ಕೂತವಳು ಅವಳ ಏಳು ವರ್ಷದ ಮಗಳು ಗುಬ್ಬಿ. ಶಾಲೆಯಿಂದ ಬಂದವಳೇ ಅಜ್ಜಿಗೆ "ಸ್ವೆಟರ್ ಮತ್ತೆ ಕಳ್ದೋಯ್ತು" ಎಂದಷ್ಟೇ ಹೇಳಿ ಒಳಹೊಕ್ಕಿದ್ದಳು. ಅಜ್ಜಿ ಅಂಗಡಿಗೆ ಫೋನ್ ಮಾಡಿ, ಬೀಗದಕ್ಕ ಏದುಸಿರು ಬಿಡುತ್ತ ಓಡಿಬಂದು, ತಟ್ಟಿ ತಟ್ಟಿ ಕೈ ಕೆಂಪಾದರೂ ಒಳಗಿನಿಂದ ಉಸಿರಿಲ್ಲ. ನೆಲ ಒದ್ದೆಯಿತ್ತು. ಜಾರಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದರೆ?

ಆ ಚಿಲಕ ಬೀಗದಕ್ಕನೇ ಹಾಕಿದ್ದು. ಹೊರಗಿನಿಂದ ನಾಣ್ಯ ತೂರಿಸಿ ತಿರುಗಿಸಿದರೂ ತೆರೆಯುವಂಥದ್ದು. ಒಳಗಿನ ಅರ್ಧವನ್ನು ಹುರುಪಿನಿಂದ ಬಿಗಿದಳು, ಹೊರಗಿನ ಅರ್ಧಕ್ಕೆ ತೂತು ಕೊರೆಯುವಷ್ಟರಲ್ಲಿ ಇನ್ನೇನೋ ತಲೆಗೆ ಹೊಕ್ಕಿತು, ಎದ್ದು ಹೋದವಳು ಹೋದಳು. ಆರಂಭಶೂರತನ ಅಂದರೆ ಇದೇ. ಗುಬ್ಬಿಗೆ ಗಮನ ಒಂದೆಡೆ ನಿಲ್ಲದ ಎಡಿಎಚ್‌ಡಿ ಇದೆ ಎಂದ ಡಾಕ್ಟರು ಕೊನೆಗೆ "ನಿಮಗೂ ಚಿಕ್ಕಂದಿನಿಂದ ಹೀಗೇನಾ?" ಎಂದು ಕೇಳಿದ್ದರು. ಬೀಗದಕ್ಕ ಅವತ್ತು ಪರ್ಸನ್ನು ಡಾಕ್ಟರ ಮೇಜಿನ ಮೇಲೇ ಬಿಟ್ಟು ಬಂದಿದ್ದಳು, ಉತ್ತರ ಬೇರೆ ಬೇಕಿತ್ತೇ?

"ಗುಬ್ಬಿ, ಸ್ವೆಟರ್ ಹೋದ್ರೆ ಹೋಗ್ಲಿ. ಒಂದ್ಸಲ ಹೂಂ ಅನ್ನು, ಸಾಕು."

"ನೀನು ಬೇಡ್ಕೊಂಡಷ್ಟೂ ಅವಳು ತಲೆ ಮೇಲೆ ಏರ್ತಾಳೆ," ಹಿಂದೆ ನಿಂತಿದ್ದ ಅಜ್ಜಿ ಅಂದಳು. "ನೀನು ಪೆನ್ಸಿಲ್ಲು ಪುಸ್ತಕ ಕಳ್ಕೊಂಡು ಬಂದಾಗ ನಾನು ಒಂದೇಟು ಹೊಡ್ದಿದ್ನಾ? ಮಾತು ಬಿಡ್ತಿದ್ದೆ, ಅಷ್ಟೆ. ನಾಲ್ಕು ದಿನಕ್ಕೆ ನೆಟ್ಟಗಾಗ್ತಿದ್ದೆ."

ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಆಗ ಅಮ್ಮ ತಟ್ಟೆಗೆ ಬಡಿಸುತ್ತಿದ್ದಳು, ತಲೆ ಬಾಚುತ್ತಿದ್ದಳು, ಆದರೆ ಮಗಳು ಆ ಮನೆಯಲ್ಲೇ ಇಲ್ಲವೇನೋ ಎಂಬಂತೆ. ಪುಟ್ಟ ಬೀಗದಕ್ಕ ಅಮ್ಮ, ಅಮ್ಮ ಎನ್ನುತ್ತ ಕೋಣೆಯಿಂದ ಕೋಣೆಗೆ ಹಿಂದೆಯೇ ಸುತ್ತುತ್ತಿದ್ದಳು. ಆ ಹೆದರಿಕೆ ಇನ್ನೂ ಹೋಗಿಲ್ಲ. ದಣಿದು ಬಂದ ಗಂಡ ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಸಾಕು, "ನನ್ನ ಮೇಲೆ ಕೋಪಾನಾ?" ಎಂದು ಕೇಳಿ ಕೇಳಿ ಅವನಿಗೆ ನಿಜವಾಗಿಯೂ ಕೋಪ ಬರಿಸುತ್ತಾಳೆ. ತನ್ನ ಮಗಳಿಗೆ ಮಾತ್ರ ಆ ಶಿಕ್ಷೆ ಕೊಡುವುದಿಲ್ಲವೆಂದು ಆಣೆ ಇಟ್ಟುಕೊಂಡಿದ್ದಳು. ಅದನ್ನು ನಡೆಸಿಕೊಂಡು ಬಂದಿದ್ದೇನೆಂದೇ ನಂಬಿದ್ದಳು.

"ಅಮ್ಮ, ನೀನು ದಯವಿಟ್ಟು ಸುಮ್ನಿರು," ಎಂದು ಸ್ಕ್ರೂಡ್ರೈವರ್ ಎತ್ತಿಕೊಂಡಳು. ಬಾಗಿಲ ಚೌಕಟ್ಟಿನ ಪಟ್ಟಿ ಕಿತ್ತರೆ ಚಿಲಕದ ನಾಲಿಗೆ ಕೈಗೆ ಸಿಗುತ್ತದೆ. ಎರಡು ಸ್ಕ್ರೂ ಸಲೀಸಾಗಿ ಬಂದವು. ಮೂರನೆಯದು ತುಕ್ಕು ಹಿಡಿದು ತಲೆ ಸವೆದಿತ್ತು. ಎಣ್ಣೆ ಬಿಟ್ಟಳು. ಬ್ಲೇಡಿನ ತುದಿಯಿಂದ ಸವೆದ ತಲೆಗೆ ಹೊಸ ಗೀರು ಕೆರೆದಳು. ಸ್ವಲ್ಪ ಎಡಕ್ಕೆ, ಹಾಂ, ಇನ್ನು ಸ್ವಲ್ಪ. ಅಜ್ಜಿ ಏನೋ ಅಂದದ್ದು ಕಿವಿಗೆ ಬೀಳಲಿಲ್ಲ. ಲೋಕದಲ್ಲಿ ಈಗ ಇದ್ದದ್ದು ಅದೊಂದೇ ಸ್ಕ್ರೂ.

"ಅಮ್ಮ, ಮಾತು ಬಿಟ್ಯಾ?"

ಸ್ಕ್ರೂಡ್ರೈವರ್ ಜಾರಿ ಅಂಗೈ ಗೀರಿತು. ಮಗು ಬದುಕಿದೆ, ಸದ್ಯ! ಬೀಗದಕ್ಕ ಬಾಗಿಲ ಸಂದಿಗೆ ಬಾಯಿ ಇಟ್ಟಳು. "ಇಲ್ಲ ಕಂದ, ಇಲ್ಲೇ ಇದೀನಿ."

"ಬಿಟ್ಟೆ. ಯಾವಾಗ್ಲೂ ಬಿಡ್ತೀಯ. ಅಂಗಡೀಲಿ ನಾನು ಕರೀತಾನೇ ಇರ್ತೀನಿ, ನೀನು ಕೀ ಉಜ್ಜುತಾ ಇರ್ತೀಯ. ಅದಕ್ಕೇ ಈ ಸಲ ನಾನೇ ಮೊದ್ಲು ಬಿಟ್ಟೆ."

ಬೀಗದಕ್ಕನಿಗೆ ಈಗ ಅರ್ಥವಾಯಿತು. ತಾನು ಕೆಲಸದಲ್ಲಿ ಮುಳುಗಿದ ಒಂದೊಂದು ಗಳಿಗೆಯನ್ನೂ ಈ ಕೂಸು ಶಿಕ್ಷೆ ಎಂದುಕೊಂಡಿದೆ. ಏನೋ ಒಂದು ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಅದಕ್ಕೆ ನಾಲಿಗೆ ಏಳಲಿಲ್ಲ.

"ಅದು ಕೋಪ ಅಲ್ಲ ಕಣೇ ಗುಬ್ಬಿ. ನಂಗೆ ಮರ್ತೇ ಹೋಗುತ್ತೆ."

"ಏನು? ನಾನಾ?"

"ಹೂಂ. ನೀನೂ." ಸ್ಕ್ರೂಡ್ರೈವರನ್ನು ಕೆಳಗಿಟ್ಟಳು. "ಈಗ್ಲೂ ಮರ್ತಿದ್ದೆ. ನಿನಗೋಸ್ಕರ ಓಡಿ ಬಂದು, ಬಾಗಿಲ ಮುಂದೇ ನಿಂತ್ಕೊಂಡು, ಒಂದು ಸ್ಕ್ರೂ ನೋಡ್ತಾ ನಿನ್ನೇ ಮರ್ತೆ. ಹಾಗಾದಾಗ ಜೋರಾಗಿ ಕೂಗು, ಬಂದು ಕೈ ಹಿಡಿದು ಎಳಿ. ನಾನು ಬಿಟ್ಟು ಹೋಗಿರಲ್ಲ."

ನಿಜ ಹೇಳಿ ಮಗಳನ್ನು ಕಳೆದುಕೊಂಡೆ ಎಂದು ಬೀಗದಕ್ಕ ಹಣೆಯನ್ನು ಬಾಗಿಲಿಗೆ ಒತ್ತಿ ಹಿಡಿದಳು.

"ಯಾವ ಸ್ಕ್ರೂ?" ಎಂದಿತು ಒಳಗಿನ ದನಿ.

ಚಿಲಕ ಸರಿಯಿತು. ಊದಿದ ಕಣ್ಣು, ಒದ್ದೆ ಬಟ್ಟೆ. ಬೀಗದಕ್ಕ ಬಾಚಿ ತಬ್ಬಿಕೊಂಡಳು. ತಾಯಿಯ ಹೆಗಲ ಮೇಲಿನಿಂದ ಗುಬ್ಬಿ ಅಜ್ಜಿಯನ್ನೇ ನೋಡುತ್ತಿದ್ದಳು.

"ಅಜ್ಜಿ, ಅಮ್ಮನ ಹತ್ರ ನೀನು ಮಾತು ಬಿಟ್ಟಾಗ ನಿಂಗೂ ಮರ್ತೋಗಿತ್ತಾ?"

ಬೀಗದಕ್ಕ ತಿರುಗಿ ನೋಡಲಿಲ್ಲ. ಹೂಂ ಎಂದುಬಿಡಲಿ, ಸುಳ್ಳಾದರೂ ಸರಿ, ಈ ವಯಸ್ಸಿನಲ್ಲೂ ನಂಬಿಬಿಡುತ್ತೇನೆ ಎಂದು ಕಾದಳು. ಅಜ್ಜಿ ಗೋಡೆ ಹಿಡಿದು ಎರಡು ಹೆಜ್ಜೆ ಹತ್ತಿರ ಬಂದಳು.

"ಇಲ್ಲ ಮಗು," ಅಂದಳು. "ಅವಳು ಕರೆದಿದ್ದೆಲ್ಲ ಕೇಳಿಸ್ತಿತ್ತು."