ಒಂದೇ ಒಂದು ನೆವ್ರಿ

ಮೋಕ್ಷಾ ಎರಡು ಭಾನುವಾರ ಮೊಬೈಲಿನ ಎದುರು ಕೂತು ಒಂದು ಕೋರ್ಸು ಮುಗಿಸಿದ್ದೇ ತಡ, ಕಾವೂರಿನ ಆ ಮನೆಯಲ್ಲಿ ಊಟ ಎನ್ನುವುದು ಊಟವಾಗಿ ಉಳಿಯಲಿಲ್ಲ, ತಪಸ್ಸಾಯಿತು. ಕೋರ್ಸಿನ ಹೆಸರು ಮೈಂಡ್‌ಫುಲ್ ಈಟಿಂಗ್. ಅಂದರೆ, ತಿನ್ನುವಾಗ ತಿನ್ನುತ್ತಿದ್ದೇನೆ ಎಂದು ಗೊತ್ತಿರಬೇಕು. ಅವಳ ಅಪ್ಪ ಲೀಲಾಧರನಿಗೆ ಇದು ಹುಟ್ಟಿದಾಗಿನಿಂದ ಗೊತ್ತಿತ್ತು, ಆದರೆ ಅವನ ಹತ್ತಿರ ಸರ್ಟಿಫಿಕೇಟು ಇರಲಿಲ್ಲ.

ಇದ್ದದ್ದು ಶುಗರು. ಬಂದರಿನ ದಕ್ಕೆಯ ಮೀನು ವ್ಯಾಪಾರ ಬಿಟ್ಟು ಮನೆಯಲ್ಲಿ ಕೂತ ಮೇಲೆ ಬಂದು ಸೇರಿದ ಆ ಅತಿಥಿಯನ್ನು ಹೆಂಡತಿ ದಮಯಂತಿ ವರ್ಷವಿಡೀ ಕಾವಲು ಕಾಯುತ್ತಿದ್ದಳು. ಡಿಸೆಂಬರಿನಲ್ಲಿ ಮಾತ್ರ ಅವಳ ಕಣ್ಣು ಸ್ವಲ್ಪ ಮಂಜಾಗುತ್ತಿತ್ತು. ಪಕ್ಕದ ಮನೆಯ ಆನ್ಸಿ ಬಾಯಿ ಕ್ರಿಸ್ಮಸ್ಸಿಗೆ ವಾರವಿರುವಾಗಲೇ ಹಬ್ಬದ ತಿಂಡಿಗಳ, ಅಂದರೆ ಕುಸ್ವಾರಿನ, ಮೊದಲ ತಟ್ಟೆಯನ್ನು ಇವರ ಮನೆಗೆ ಕಳಿಸುತ್ತಿದ್ದಳು. ಹಬ್ಬದ ಮಧ್ಯಾಹ್ನ ಅವಳ ಮನೆಯಲ್ಲೇ ಊಟ: ಇಡ್ಲಿಯಂಥ ಮೆತ್ತನೆಯ ಸಾನ್ನ, ಕೋಳಿ ಪದಾರ್ಥ, ಸಣ್ಣ ಗ್ಲಾಸಿನಲ್ಲಿ ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನು. ಉಳಿದ ದಿನವೆಲ್ಲ ಮೆಂತೆ ನೀರು ಕುಡಿಯುವ ಧೈರ್ಯ ಲೀಲಾಧರನಿಗೆ ಬರುತ್ತಿದ್ದದ್ದೇ ಆ ಒಂದು ಗ್ಲಾಸಿನಿಂದ.

ಈ ಸಲ ಕರ್ಜಿಕಾಯಿಯಂಥ ನೆವ್ರಿ ತುಂಬಿದ ತಟ್ಟೆ ಬಂದದ್ದೇ ಮೋಕ್ಷಾ ಅದನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

“ಪಪ್ಪ, ನಿಮಗೆ ಒಂದೇ ನೆವ್ರಿ.”

“ಒಂದು ಕೈಗೆ ಒಂದಾ?”

“ಒಟ್ಟಿಗೆ ಒಂದು. ತಿನ್ಬೇಡಿ ಅಂತ ನಾನು ಹೇಳುದಿಲ್ಲ. ಎಂಜಾಯ್ ಮಾಡಿ, ಆದ್ರೆ ಮೈಂಡ್‌ಫುಲ್ ಆಗಿ. ಮೊದಲು ಅದನ್ನು ನೋಡಿ.”

“ನೋಡಿದೆ.”

“ಎಂತ ಕಾಣ್ತದೆ?”

“ನೆವ್ರಿ.”

“ಹಾಗಲ್ಲ ಪಪ್ಪ! ಅದರ ಆಕಾರ, ಬಣ್ಣ, ಯಾರ ಕೈಯಿಂದ ಬಂತು, ಎಲ್ಲ ಯೋಚನೆ ಮಾಡಿ. ಮೂಸಿ. ಮತ್ತೆ ಕಣ್ಣು ಮುಚ್ಚಿ ಸಣ್ಣದು ಕಚ್ಚಿ.”

“ಕಣ್ಣು ಮುಚ್ಚಿದ್ರೆ ಅವರು ಗೊರಕೆ ಹೊಡೀತಾರೆ, ನೋಡ್ಕೊ,” ಎಂದು ಒಳಗಿನಿಂದ ದಮಯಂತಿಯ ಸ್ವರ ಬಂತು.

ಲೀಲಾಧರ ನೋಡಿದ, ಮೂಸಿದ, ಕಣ್ಣು ಮುಚ್ಚಿ ಕಚ್ಚಿದ. ಹಿಂದೆಲ್ಲ ಎರಡೆರಡು ಒಟ್ಟಿಗೆ ಬಾಯಿಗೆ ತುಂಬುವಾಗ ಒಳಗಿನ ಕೊಬ್ಬರಿ, ಎಳ್ಳು ಯಾವುದೂ ಹೆಸರು ಹೇಳಿಕೊಂಡು ಹೊಟ್ಟೆಗೆ ಇಳಿದದ್ದಿಲ್ಲ. ಈಗ ನಾಲಗೆ ಒಂದೊಂದನ್ನೇ ನಿಲ್ಲಿಸಿ ವಿಚಾರಿಸಿತು. ಏಲಕ್ಕಿ ಎಲ್ಲಿ? ಇಲ್ಲ, ಎಸೆನ್ಸು. ಘಮ್ಮೆನ್ನುವ ಹುರಿದ ಎಳ್ಳು? ಇಲ್ಲ, ಬರೀ ರವೆ, ಸಕ್ಕರೆ. ಅಂಚಂತೂ ಮಿಷನ್ನಿನಲ್ಲಿ ಒತ್ತಿದ ಹಾಗೆ ನೀಟು.

“ಇದು ಆನ್ಸಿ ಬಾಯಿಯದ್ದಲ್ಲ,” ಎಂದ.

“ಮೊದಮೊದಲು ನೆಗೆಟಿವ್ ಥಾಟ್ಸ್ ಬರ್ತದೆ ಪಪ್ಪ. ಬರ್ಲಿ, ಹೋಗ್ಲಿ, ಬಿಟ್ಟುಬಿಡಿ,” ಎಂದ ಮೋಕ್ಷಾ ಒಂದು ಕೈಯಲ್ಲಿ ಮೊಬೈಲು ಒತ್ತುತ್ತಾ ಇನ್ನೊಂದು ಕೈಯಲ್ಲಿ ಮೂರನೆಯ ನೆವ್ರಿ ಎತ್ತಿಕೊಂಡಳು.

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಸಿಕ್ಕಿದ್ದೇ ಒಂದು ನೆವ್ರಿ, ಅದೂ ಹೀಗಾದರೆ ಮನುಷ್ಯ ಎಷ್ಟು ತಡೆದುಕೊಂಡಾನು? ಸಂಜೆ ಕಂಪೌಂಡಿನ ಆಚೆ ಗಿಡಕ್ಕೆ ನೀರು ಬಿಡುತ್ತಿದ್ದ ಆನ್ಸಿ ಬಾಯಿಯ ಮಗನನ್ನು ಕರೆದ.

“ವಿಲ್ಲಿ, ಈ ಸಲ ಯಾವ ಬೇಕರಿ ಮಾರಾಯ?”

“ಬೇಕರಿಯಾ? ಮಮ್ಮಿಯ ಕೈಯದ್ದೇ! ನಾನೂ ಹೆಂಡತಿಯೂ ತಿಂದೆವು, ಪ್ರತಿ ವರ್ಷದ ಹಾಗೇ ಉಂಟು. ನಿನ್ನ ನಾಲಗೆಗೂ ಶುಗರ್ ಬಂತಾ ಎಂತ?”

ವಿಲ್ಲಿ ನಗುತ್ತಲೇ ಇದ್ದ. ಅವನ ಬೆನ್ನ ಹಿಂದೆ ಅಡುಗೆಮನೆಯ ಕಿಟಕಿ ದಡಕ್ಕನೆ ಮುಚ್ಚಿಕೊಂಡಿತು.

“ಮುಗೀತು,” ಎಂದಳು ದಮಯಂತಿ. “ಅಷ್ಟು ಪ್ರಾಯದ ಹೆಂಗಸು ಪ್ರೀತಿಯಲ್ಲಿ ಕೊಟ್ಟದ್ದಕ್ಕೆ ಬೇಕರಿ ಅಂದ್ರಲ್ಲ ಮಾರಾಯ್ರೆ! ಇನ್ನು ಹಬ್ಬದ ದಿವಸ ನಿಮಗೆ ಇಲ್ಲೇ ಗಂಜಿ, ಉಪ್ಪಿನಕಾಯಿ. ಎಷ್ಟು ಬೇಕಾದ್ರೂ ಮೈಂಡ್‌ಫುಲ್ ಆಗಿ ಕುಡೀರಿ.”

ಆ ರಾತ್ರಿ ಲೀಲಾಧರನ ಕಣ್ಣೆದುರು ವೈನಿನ ಗ್ಲಾಸು ದೂರದೂರ ತೇಲಿಹೋಯಿತು. ಕ್ಷಮೆ ಕೇಳಿ ಅವನಿಗೆ ಅಭ್ಯಾಸವಿರಲಿಲ್ಲ, ಮೀನು ಕೊಟ್ಟು ಅಭ್ಯಾಸವಿತ್ತು. ಬೆಳಿಗ್ಗೆ ವಿಲ್ಲಿ, ಅವನ ಹೆಂಡತಿ ಬೆನಿಟಾ ಕೆಲಸಕ್ಕೆ ಹೋದದ್ದನ್ನು ನೋಡಿಕೊಂಡು, ದಕ್ಕೆಯಿಂದ ತಂದ ತಾಜಾ ಬಂಗುಡೆ ಹಿಡಿದು ಆನ್ಸಿ ಬಾಯಿಯ ಹಿತ್ತಲ ಬಾಗಿಲು ತಟ್ಟಿದ.

“ಒಳಗೆ ಬಾ. ಬಾಗಿಲು ಹಾಕು.”

“ಬಾಯಿ, ನಾನು ನಿನ್ನೆ ಸುಮ್ಮನೆ ತಮಾಷೆಗೆ...”

“ತಮಾಷೆ ಎಂತ ತಮಾಷೆ! ಬೇಕರಿಯದ್ದೇ. ಆಟೋದವನ ಹತ್ರ ತರಿಸಿ ನನ್ನ ಡಬ್ಬಕ್ಕೆ ಹಾಕಿದ್ದು.” ಆನ್ಸಿ ಬಾಯಿ ಎರಡೂ ಕೈ ಚಾಚಿದಳು. ಬೆರಳಿನ ಗಂಟುಗಳು ಹಸಿಶುಂಠಿಯ ಹಾಗೆ ಊದಿದ್ದವು. “ಈ ಕೈಯಲ್ಲಿ ಅಂಚು ಒತ್ತಲಿಕ್ಕೆ ಆಗುದಿಲ್ಲ. ಯಾರಾದ್ರೂ ಕೇಳ್ತಾರಾ ಅಂತ ನೋಡಿದೆ. ಮಗ ಟಿವಿ ನೋಡಿಕೊಂಡು ತಿಂದ, ಸೊಸೆ ಮೊಬೈಲ್ ನೋಡಿಕೊಂಡು ತಿಂದಳು. ಸೂಪರ್ ಮಮ್ಮಿ ಅಂತೆ! ಇಷ್ಟು ವರ್ಷ ನಾನು ಎಳ್ಳು ಹುರಿದದ್ದು ಯಾರಿಗೆ? ಆ ಡಬ್ಬಕ್ಕಾ?”

ಲೀಲಾಧರ ಬಂಗುಡೆಯನ್ನು ಮೆಲ್ಲಗೆ ಕೆಳಗಿಟ್ಟ. ಹೋದ ವರ್ಷದವರೆಗೆ ಅವನೂ ಒಂದು ಡಬ್ಬವೇ ಆಗಿದ್ದ.

“ಹಾಗಾದ್ರೆ ಬಾಯಿ... ಹಬ್ಬದ ಊಟಕ್ಕೆ ನಾವು...”

“ಊಟ ಬೇಕಾದ್ರೆ ಕೈ ತೊಳಿ, ಬಂಗುಡೆ ವಾಸನೆ ಹೋಗುವ ಹಾಗೆ. ಬೇರೆ ಮನೆಗಳಿಗೆ ತಟ್ಟೆ ಹೋಗ್ಲಿಕ್ಕೆ ಉಂಟು ಇನ್ನು. ನನ್ನ ಕೈಯ ವಿಷಯ ಹೊರಗೆ ಬಂತೋ, ವಿಲ್ಲಿ ಮುಂದಿನ ವರ್ಷದಿಂದ ಬೇಕರಿಗೇ ಆರ್ಡರ್ ಕೊಡ್ತಾನೆ. ಮತ್ತೆ ನಿನಗೆ ವೈನೂ ಇಲ್ಲ, ನೆನಪಿರ್ಲಿ.”

ಹೀಗೆ ಹಬ್ಬದ ಮುನ್ನಾದಿನದವರೆಗೂ ಬೆಳಿಗ್ಗೆ ವಾಕಿಂಗ್ ಎಂದು ಹೊರಟ ಲೀಲಾಧರ ಹತ್ತು ಹೆಜ್ಜೆ ನಡೆದು ಪಕ್ಕದ ಹಿತ್ತಲಿಗೆ ತಿರುಗುತ್ತಿದ್ದ. ಬಾಯಿ ಎಳ್ಳು ಹುರಿದಳು, ಇವನು ಅಂಚು ಒತ್ತಿದ.

“ಇದು ನೆವ್ರಿಯಾ, ಬಂಗುಡೆಯಾ? ಇದಕ್ಕೆ ಬಾಲ ಯಾಕೆ ಬಂತು ಮಾರಾಯ?”

“ಮೀನು ಮಾರಿದ ಕೈ, ಬಾಯಿ. ಎಂತ ಮಾಡಿದ್ರೂ ಮೀನೇ ಆಗ್ತದೆ.”

ಬಾಲವಿದ್ದ ಆ ನೆವ್ರಿಗಳು ಬೀದಿಯ ಮನೆಮನೆಗೂ ಹೋದವು. ಎಲ್ಲರೂ ತಿಂದರು, ಆನ್ಸಿ ಬಾಯಿಯ ಕೈ ಅಂದರೆ ಕೈ, ಪ್ರತಿ ವರ್ಷದ ಹಾಗೇ ಉಂಟು ಎಂದರು. ಒಂದು ತಟ್ಟೆ ಲೀಲಾಧರನ ಮನೆಗೂ ಬಂತು. ಹಬ್ಬದಲ್ಲಿ ಎಚ್ಚರದಿಂದ ತಿನ್ನುವುದು ಹೇಗೆ ಎಂದು ಮೊಬೈಲಿನಲ್ಲಿ ಲೋಕಕ್ಕೆಲ್ಲ ಉಪದೇಶ ಬರೆಯುತ್ತಿದ್ದ ಮೋಕ್ಷಾ, ತಲೆ ಎತ್ತದೆ ಒಂದರ ಬಾಲ ಕಚ್ಚಿದಳು.

“ನೋಡಿ ಪಪ್ಪ, ಆವತ್ತು ಸುಮ್ಮನೆ ಸಂಶಯ ಪಟ್ರಿ. ಅದೇ ಟೇಸ್ಟ್!”

ಉತ್ತರ ಲೀಲಾಧರನ ನಾಲಗೆಯ ತುದಿಗೆ ಬಂದಿತ್ತು. ಅದನ್ನು ನಾಳೆಯ ವೈನಿನ ಹೆಸರಲ್ಲಿ ನುಂಗಿ, ತನ್ನ ಪಾಲಿನ ಒಂದೇ ಒಂದು ನೆವ್ರಿಯನ್ನು ಕಣ್ಣು ಮುಚ್ಚಿ ಕಚ್ಚಿದ. ಎಳ್ಳು ಇತ್ತು, ಏಲಕ್ಕಿ ಇತ್ತು. ತಾನೇ ಒತ್ತಿದ ಅಂಚು ಮಾತ್ರ ದಪ್ಪಗಾಗಿ ಒಳಗೆ ಸ್ವಲ್ಪ ಹಸಿ ಉಳಿದಿತ್ತು. ಅದನ್ನೂ ನಿಧಾನವಾಗಿ ಅಗಿದ.

ಕಣ್ಣು ತೆರೆದಾಗ ದಮಯಂತಿ ಎದುರು ನಿಂತಿದ್ದಳು. ಅವನ ಉಗುರಿನ ಸಂದಿಯಲ್ಲಿ ಒಣಗಿದ್ದ ಮೈದಾವನ್ನೇ ಒಂದು ಗಳಿಗೆ ನೋಡಿದಳು. ಮಗಳ ಕಡೆಗೊಮ್ಮೆ ತಿರುಗಿ, ತಟ್ಟೆಯಿಂದ ಇನ್ನೊಂದನ್ನು ಹೆಕ್ಕಿ ಅವನ ಕೈಗೆ ಇಟ್ಟಳು.

“ತಕ್ಕೊಳ್ಳಿ,” ಎಂದಳು ಮೆಲ್ಲಗೆ. “ಇದಕ್ಕೆ ಬಾಲ ಚಂದ ಬಂದಿದೆ.”